ಬೆಟ್ಟದ ಕಡೆಗೆ ನಿತ್ಯ ಹೊರಡುವ ದನಗಳು

ಅಮೆರಿಕದ ವಯೋಮಿಂಗ್ ರಾಜ್ಯದ ಡ್ರೈಫೋರ್ಡ್ ಪಟ್ಟಣದಲ್ಲಿ ಪ್ರತಿವರ್ಷ ಜೂನ್ ತಿಂಗಳ ಮೊದಲ ಶನಿವಾರ ಹಾರ್ಲನ್ ಸ್ಕಾರ್ ತನ್ನ ದನಗಳನ್ನು ಮುಖ್ಯ ಬೀದಿಯ ಮೂಲಕ ಬೆಟ್ಟದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾನೆಂಬುದು ದಾಖಲಾದ ಸಂಗತಿ. ಮುತ್ತಜ್ಜನ ಕಾಲದಿಂದಲೂ ದಾರಿ ಅದೇ. ಬೇಸಿಗೆಯೆಲ್ಲ ಬೆಟ್ಟದಲ್ಲಿ ಮೇಯ್ದು ಮೈದುಂಬಿಕೊಂಡರೆ ಮಾತ್ರ ಕರುಗಳನ್ನು ಹರಾಜಿನಲ್ಲಿ ಕೇಳುವವರಿರುತ್ತಾರೆ. ಈ ವರ್ಷವೂ ದನಗಳು ಸರಿಯಾದ ಹೊತ್ತಿಗೇ ಹೊರಟವು. ತಡವಾದದ್ದು ಪ್ರವಾಸಿಗರ ಬಸ್ಸು.

ಬೀದಿಯ ಕೊನೆಯಲ್ಲಿ ವರ್ನಾ ಗಿಲ್‌ಕ್ರಿಸ್ಟ್ ಏದುಸಿರು ಬಿಡುತ್ತ ಓಡಿಬಂದಳು. ಪ್ರವಾಸಿಗರು ತಂಗುವ ಊರಿನ ಮೋಟೆಲು ಅವಳದು; ಕೌಬಾಯ್ ಪರಂಪರಾ ಸಂರಕ್ಷಣಾ ಸಮಿತಿಯ ಅಧ್ಯಕ್ಷಳೂ ಅವಳೇ; ಹಾರ್ಲನ್ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು.

"ಬಸ್ಸಿನೋರು ಈಗ ಬಂದ್ರು ಕಣೋ. ಪಾಪ, ಅಷ್ಟು ದೂರ ಓಹಾಯೋದಿಂದ ಬಂದಿದಾರೆ. ತಿರುಗಿಸ್ಕೊಂಡು ಹೋಗಿ ಇನ್ನೊಂದ್ಸಲ ಬಾ."

"ದನ ಕಣೇ ಇವು. ರಿವರ್ಸ್ ಹಾಕೋಕೆ ಕಾರೇನು?"

"ಒಂದೇ ಒಂದ್ಸಲ. ನಿನ್ನ ಗಂಟೇನು ಹೋಗುತ್ತೆ?"

ಡ್ರೈಫೋರ್ಡಿನಲ್ಲಿ ನೆರೆಯವರಿಗೆ ಇಲ್ಲವೆನ್ನುವ ಪದ್ಧತಿಯಿಲ್ಲ. ಕರುಗಳಿಗೆ ಕಾದ ಕಬ್ಬಿಣದಿಂದ ಒಡೆಯನ ಮುದ್ರೆ ಹಾಕುವ ದಿನ ಕರೆಯದಿದ್ದರೂ ಹಗ್ಗ ಹಿಡಿದು ಊರೇ ಬರುತ್ತದೆ. ಆ ವಸಂತದಲ್ಲಿ ಹಾರ್ಲನ್‌ನ ಕರುಗಳ ಕಾಲು ಅದುಮಿ ಹಿಡಿದವರಲ್ಲಿ ವರ್ನಾ ಕೂಡ ಒಬ್ಬಳು. ಅವನು ದನ ತಿರುಗಿಸಿ, ಬಸ್ಸಿನವರ ಮುಂದೆ ಇನ್ನೊಮ್ಮೆ ಬೀದಿಯಲ್ಲಿ ಹೊಡೆದುಕೊಂಡು ಬಂದ. ಅಷ್ಟರಲ್ಲಿ ಬಿಸಿಲೇರಿತು, ದನಗಳು ಮೋಟೆಲಿನ ಹಿಂದಿನ ಬಯಲಲ್ಲೇ ಉಳಿದವು. ಸಂಜೆ ಸಮಿತಿಯ ಪ್ರಕಟಣೆ ಹೊರಬಿತ್ತು:

"ಒಮ್ಮೆ ನಡೆದದ್ದು ಘಟನೆ, ಎರಡು ಬಾರಿ ನಡೆದದ್ದು ಪರಂಪರೆ. ಸದರಿ ದನಗಳು ಒಂದೇ ದಿನ ಎರಡು ಬಾರಿ ಬೆಟ್ಟದ ಕಡೆಗೆ ಹೊರಟಿರುವುದು ಸಾಬೀತಾಗಿರುವುದರಿಂದ, ಇನ್ನು ಮುಂದೆ ಅವು ಪ್ರತಿದಿನ ಬೆಳಿಗ್ಗೆ ಹನ್ನೊಂದಕ್ಕೆ ಹೊರಡತಕ್ಕದ್ದು. ಬೆಟ್ಟ ತಲುಪಿದಲ್ಲಿ ಮರುದಿನ ಹೊರಡಲು ಅಡಚಣೆಯಾಗುವುದರಿಂದ, ತಲುಪತಕ್ಕದ್ದಲ್ಲ."

"ಹುಲ್ಲಿರೋದು ಬೆಟ್ಟದ ಮೇಲೆ, ವರ್ನಾ!" ಎಂದ ಹಾರ್ಲನ್.

"ಅದಕ್ಕೇ ಅಲ್ವೇನೋ ಅವು ಆ ಕಡೆ ಹೊರಡೋದು?"

ಸಮಿತಿ ಕಲ್ಲೆದೆಯದಲ್ಲ. ಹೊರರಾಜ್ಯದಿಂದ ಒಣಹುಲ್ಲು ತರಿಸಿತು. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕು ಮುತ್ತಜ್ಜನ ಕಾಲಕ್ಕೆ ಹೊಂದುವುದಿಲ್ಲವೆಂಬ ಕಾರಣಕ್ಕೆ ಟಾರ್ಪಾಲಿನಡಿ ಬಚ್ಚಿಟ್ಟು, ಪ್ರವಾಸಿಗರಿಲ್ಲದಾಗ ಮಾತ್ರ ಹಾಕಿತು. ಪ್ರವಾಸಿಗರಿಲ್ಲದ ಹೊತ್ತು ಕಡಿಮೆ. ಸೆಗಣಿ ತುಳಿದವರಿಗೆ ಅಧ್ಯಕ್ಷರ ಸಹಿಯುಳ್ಳ ಪ್ರಮಾಣಪತ್ರ ದೊರೆಯುತ್ತಿದ್ದುದರಿಂದ ಕೆಲವರು ಬೇಕೆಂದೇ ಎರಡೂ ಕಾಲಲ್ಲಿ ತುಳಿದರು. ಜುಲೈ ಮುಗಿಯುವಷ್ಟರಲ್ಲಿ ಕರುಗಳ ಪಕ್ಕೆಲುಬುಗಳು ಎದ್ದು ಕಂಡವು. ಹಿಂದಿನವರು ಪಟ್ಟ ಪಾಡು ಕಣ್ಣಿಗೆ ಕಟ್ಟುವಂತಿದೆಯೆಂದು ಸಮಿತಿ ಮೆಚ್ಚುಗೆ ಸೂಚಿಸಿತು.

"ನಾಚಿಕೆ ಆಗಲ್ವೇನ್ರೀ? ಕರು ಮುಖ ನೋಡೋಕಾಗ್ತಿಲ್ಲ ನಂಗೆ," ಎಂದು ಹಾರ್ಲನ್‌ನ ಹೆಂಡತಿ ಐಡೆಲ್ಲಾ ಕಣ್ಣೀರು ಹಾಕಿದಳು.

ಆಗಸ್ಟಿನ ಒಂದು ದಿನ ಹಾರ್ಲನ್ ಬೀದಿಯ ಕೊನೆಯಲ್ಲಿ ತಿರುಗಲೇ ಇಲ್ಲ. ದನ ಹೊಡೆದುಕೊಂಡು ನೆಟ್ಟಗೆ ಬೆಟ್ಟದ ದಾರಿಯ ಗೇಟಿನತ್ತ ನಡೆದ. ಅಲ್ಲಿ ಊರೇ ಸೇರಿತ್ತು. ಗೇಟಿಗೆ ಅಡ್ಡಲಾಗಿ, ಸಿಮೆಂಟಿನಲ್ಲಿ ನಿಲ್ಲಿಸಿದ ದೊಡ್ಡ ಕಂಚಿನ ಫಲಕ: "ಈ ದಾರಿಯಲ್ಲಿ ದನಗಳು ಬೆಟ್ಟಕ್ಕೆ ಹೋಗುತ್ತಿದ್ದವು."

"ಸರಿಯಾದ್ ಟೈಮಿಗೆ ಬಂದೆ ನೋಡು," ಎಂದಳು ವರ್ನಾ. "ನಿನ್ ಕೈಲೇ ಉದ್ಘಾಟನೆ ಮಾಡಿಸ್ಬೇಕು ಅಂತಿದ್ವಿ."

"ದಾರಿಗೇ ಅಡ್ಡ ನಿಲ್ಸಿದೀರಲ್ಲೇ!"

"ಮತ್ತೆ? ಪಕ್ಕದಲ್ಲಿ ನಿಲ್ಸಿದ್ರೆ ಯಾವ ದಾರಿ ಅಂತ ಜನಕ್ಕೆ ಹೇಗೋ ಗೊತ್ತಾಗೋದು?"

ವಸಂತದಲ್ಲಿ ಮುದ್ರೆ ಹಾಕಲು ಬಂದಿದ್ದ ನೆರೆಯವರೆಲ್ಲ ಟೋಪಿ ತೆಗೆದು ನಿಂತಿದ್ದರು. ಹಾರ್ಲನ್ ಕೂಡ ತೆಗೆದ. ಅವನು ಅತ್ತದ್ದನ್ನು ಎಲ್ಲರೂ ಫೋಟೋ ತೆಗೆದುಕೊಂಡರು. ಅವನ ಬೆನ್ನ ಹಿಂದೆ ದನಗಳು ಯಾರೂ ಹೇಳದೆಯೇ ಊರಿನ ಕಡೆ ತಿರುಗಿಕೊಂಡಿದ್ದವು.

ಹರಾಜಿನಲ್ಲಿ ಆ ಕರುಗಳನ್ನು ಯಾರೂ ಕೇಳಲಿಲ್ಲ. ಸಮಿತಿ ಅವುಗಳನ್ನು ಖಾಯಂ ಮಾಡಿಕೊಂಡಿತು; ಹಾರ್ಲನ್‌ನನ್ನೂ.

ಮರುವರ್ಷದ ಜೂನ್‌ನಲ್ಲಿ ಪ್ರವಾಸಿ ಮುದುಕಿಯೊಬ್ಬಳು ಫಲಕ ಓದಿ ಕೇಳಿದಳು: "ದನಗಳು ನಿಜವಾಗ್ಲೂ ಹೋಗ್ತಿದ್ವಾ ಸರ್?"

ಹಾರ್ಲನ್ ಬೆಟ್ಟದತ್ತ ನೋಡಿದ.

"ಹೋಗ್ತಿದ್ವಂತೆ," ಎಂದ. "ಮುತ್ತಜ್ಜನ ಕಾಲದಲ್ಲಿ."

"ಹೌದಂತೆ," ಎಂದಳು ಐಡೆಲ್ಲಾ. "ನಾನೂ ಕೇಳಿದೀನಿ."