ನನ್ನ ಎಡಗೈ ನುಂಗಿದ ಟ್ರಕ್ಕು

ಊಹಿಸಿ ನೋಡೋಣ. ಅರವತ್ತೆಂಟು ವರ್ಷದ ನಿವೃತ್ತ ಎಂಜಿನಿಯರ್ ಒಬ್ಬ ಕೋಪ ತಡೆಯಲಾರದೆ ತನ್ನ ಪಿಕಪ್ ಟ್ರಕ್ಕಿನ ಹಿಂದಿನ ಸೀಟು ಎತ್ತಿಸಿ, ಅದರ ಕೆಳಗೆ ಸಬ್‌ವೂಫರ್ ಎಂಬ, ಗುಮ್ಮೆನ್ನುವ ದೊಡ್ಡ ಸ್ಪೀಕರು ಕೂರಿಸಿದ. ಸ್ಯಾನ್ ಡಿಯೇಗೋದಿಂದ ಲಾಸ್ ಏಂಜಲೀಸಿನವರೆಗೆ ಅದನ್ನು ಓಡಿಸಿಕೊಂಡು ಹೋಗಿ, ನೆಂಟರಿಷ್ಟರ ಎದುರಿಗೆ ಸ್ಟೀರಿಯೋ ಹಾಕಿದ. ಆಮೇಲೆ ಏನಾಯಿತು? ಪೊಲೀಸರು ಬಂದರು ಅಂತೀರಾ? ಇಲ್ಲ. ಕಿಟಕಿ ಗಾಜು ಒಡೆಯಿತು ಅಂತೀರಾ? ಅದೂ ಇಲ್ಲ. ಹೋಗಲಿ ಬಿಡಿ, ನೀವು ಊಹಿಸಲಾರಿರಿ. ನನಗೆ ಆಗುವಂಥವು ಬೇರೆ ಯಾರಿಗೂ ಆಗುವುದಿಲ್ಲ. ಕೆಲಸದಲ್ಲಿದ್ದಾಗ ವಾರಕ್ಕೊಂದರಂತೆ ಆಗುತ್ತಿದ್ದವು. ರಿಟೈರ್ ಆದಮೇಲೆ ಪುರುಸೊತ್ತು ಜಾಸ್ತಿ ನೋಡಿ, ದಿನಕ್ಕೊಂದು.

ತಗಡು

ಆ ಒಬ್ಬ ನಿವೃತ್ತ ನಾನೇ. ಸ್ಯಾನ್ ಡಿಯೇಗೋದ ಸೊರೆಂಟೊ ವ್ಯಾಲಿಯಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಚಿಪ್ ಮಾಡಿ, ನಿವೃತ್ತಿಗೆ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ ಈ ಟ್ರಕ್ಕು. ನಾವಿರುವ ಮೀರಾ ಮೆಸಾದಲ್ಲಿ ತರಕಾರಿ ತರುವುದಕ್ಕೆ ಟ್ರಕ್ಕು ಯಾಕೆ ಎಂದು ಹೆಂಡತಿ ಕೇಳಿದಳು. ಆ ಪ್ರಶ್ನೆಗೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ನಾನು ಹುಡುಗನಾಗಿದ್ದಾಗಿನಿಂದ ಮೃದಂಗ ಕಲಿತವನು. ಮೈಸೂರಿನಲ್ಲಿ, ಮದುವೆಯಾದ ಹೊಸತರಲ್ಲಿ, ನಮ್ಮ ಬೀದಿಯ ದೇವಸ್ಥಾನದಲ್ಲಿ ಒಂದು ಕಚೇರಿ. ನುಡಿಸಬೇಕಾದವರಿಗೆ ಜ್ವರ ಬಂದು ನಾನು ಕೂತೆ. ಯಾರೋ ಪುಣ್ಯಾತ್ಮರು ಕ್ಯಾಸೆಟ್ಟಿನಲ್ಲಿ ಹಿಡಿದರು. ನನ್ನ ಮೃದಂಗದ ರೆಕಾರ್ಡಿಂಗ್ ಅಂತ ಲೋಕದಲ್ಲಿರುವುದು ಅದೊಂದೇ. ಆಮೇಲೆ ಅಮೆರಿಕ, ಚಿಪ್ಪು, ಮಾರ್ಟ್‌ಗೇಜು. ಮೃದಂಗ ಅಟ್ಟ ಸೇರಿತು.

ಮಗಳು ಆ ಕ್ಯಾಸೆಟ್ಟನ್ನು ಫೋನಿಗೆ ಇಳಿಸಿಕೊಟ್ಟಳು. ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸಿನಿಂದ ಭಾವಮೈದ ಬಂದಿದ್ದ. ಡಾಕ್ಟರು, ಹೆಂಡತಿಯ ಒಬ್ಬನೇ ತಮ್ಮ. ಅವನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಹೆಮ್ಮೆಯಿಂದ ಹಾಕಿದೆ. ಅವನು ಎರಡು ನಿಮಿಷ ರೋಗಿಯ ಎದೆ ಕೇಳುವ ಹಾಗೆ ಕೇಳಿದ.

"ಭಾವ, ಬಲಗೈ ಪರವಾಗಿಲ್ಲ. ಎಡಗೈ ಎಲ್ಲಿ? ಯಾರೋ ತಗಡು ಬಡಿದ ಹಾಗಿದೆ."

"ಅದು ಸ್ಟೀರಿಯೋ ದೋಷ ಕಣಯ್ಯ. ಕಂಪನಿಯವರು ಹಾಕಿದ್ದು, ಇದರಲ್ಲಿ ಗುಮ್ಮೆನ್ನೋ ಬೇಸ್ ಇಲ್ಲ."

"ರೋಗಿಗಳೂ ಹಾಗೇ ಹೇಳ್ತಾರೆ ಭಾವ. ಬಿಪಿ ಇಲ್ಲ, ಮಷೀನು ಸರಿಯಿಲ್ಲ ಅಂತ."

ಪಿತ್ತ ನೆತ್ತಿಗೇರಿತು. ಮೃದಂಗದ ಗುಮ್ಮೆನ್ನುವ ನಾದವೆಲ್ಲ ಎಡಗಡೆಯದ್ದು. ಎಡಗೈ ಇಲ್ಲ ಎಂದರೆ ಮೃದಂಗವೇ ಬರುವುದಿಲ್ಲ ಎಂದ ಹಾಗೆ. "ನಿನ್ನ ಅರವತ್ತರ ಶಾಂತಿಗೆ ಬರ್ತೀನಲ್ಲ, ಎಲ್ಲರ ಎದುರಿಗೆ ಕೇಳಿಸ್ತೀನಿ. ಆಗ ತಗಡು ಅಂದದ್ದು ತಪ್ಪಾಯ್ತು ಅಂತ ಹೇಳ್ತೀಯಾ?"

"ಹೇಳ್ತೀನಿ. ಬೇಕಾದ್ರೆ ಅಡ್ಡ ಬೀಳ್ತೀನಿ," ಎಂದ. "ಹೇಗೂ ಅವತ್ತು ಎಲ್ಲರಿಗೂ ಬೀಳೋದಿದೆ."

ನಾಲ್ಕು ನಿಮಿಷ

ಟ್ರಕ್ಕಿನ ಸ್ಟೀರಿಯೋ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದಿ ನೋಡಿದರೆ ಇನ್ನೂ ಸಿಟ್ಟು ಬಂತು. ನಾವು ವಾಲ್ಯೂಮ್ ಏರಿಸಿದಷ್ಟೂ ಫ್ಯಾಕ್ಟರಿ ಸ್ಟೀರಿಯೋ ತಾನಾಗಿ ಬೇಸ್ ಇಳಿಸುತ್ತದಂತೆ, ಬಾಗಿಲಿನ ಸಣ್ಣ ಸ್ಪೀಕರು ಹರಿದುಹೋಗದಿರಲಿ ಅಂತ. ಅಲ್ಲ ಸ್ವಾಮಿ, ನಾನು ಕೊಂಡ ಟ್ರಕ್ಕು, ನನ್ನ ಎಡಗೈ, ಕತ್ತರಿಸುವುದಕ್ಕೆ ಇವರು ಯಾರು?

"ಡ್ಯಾಡ್, ಜಸ್ಟ್ ಯೂಸ್ ಹೆಡ್‌ಫೋನ್ಸ್," ಎಂದಳು ಮಗಳು.

ಶಾಂತಿಗೆ ಬರುವ ನಲವತ್ತು ಜನರ ಕಿವಿಗೆ ಒಂದು ಹೆಡ್‌ಫೋನನ್ನು ಹೇಗೆ ಹಾಕುವುದು ಎಂದು ಅವಳು ಹೇಳಲಿಲ್ಲ.

ಕಾರ್ ಆಡಿಯೋ ಅಂಗಡಿಗೆ ಹೋದೆ. ಯಜಮಾನ ನನ್ನ ವಯಸ್ಸಿನವನೇ, ಬಿಳಿ ಮೀಸೆ, ಮೊಣಕೈವರೆಗೂ ಹಚ್ಚೆ. ನೋಡಿದ ತಕ್ಷಣ ಹೇಳಿದ: ಸ್ಟೀರಿಯೋ ಇದೇ ಇರಲಿ, ಕತ್ತರಿಸಿದ ಬೇಸನ್ನು ವಾಪಸ್ಸು ತರುವ ಪುಟ್ಟ ಪೆಟ್ಟಿಗೆ ಒಂದು, ಒಂದು ಆಂಪ್ಲಿಫೈಯರ್, ಸೀಟಿನ ಕೆಳಗೆ ಸಬ್‌ವೂಫರ್, ಸಾಕು. "ನೀವು ಎಂಥ ಸಂಗೀತ ಕೇಳ್ತೀರಿ? ಅದಕ್ಕೆ ತಕ್ಕ ಹಾಗೆ ಟ್ಯೂನ್ ಮಾಡ್ತೀನಿ."

ದೊಡ್ಡ ವಿದ್ವಾಂಸರೊಬ್ಬರ ತನಿ ಆವರ್ತನ ಹಾಕಿದೆ. ಗಾಯಕರು ಸುಮ್ಮನೆ ಕೂತು ತಾಳ ಹಾಕುವಾಗ ಮೃದಂಗ ಒಂಟಿಯಾಗಿ ಮೆರೆಯುವ ಹೊತ್ತು ಅದು. ಯಜಮಾನ ಕಣ್ಣು ಮುಚ್ಚಿ ಕೇಳಿದ. ಒಂದು ನಿಮಿಷ, ಎರಡು, ನಾಲ್ಕು. ಇಷ್ಟು ವರ್ಷಕ್ಕೆ ಅಮೆರಿಕದಲ್ಲಿ ಒಬ್ಬ ರಸಿಕ ಸಿಕ್ಕಿದ ಎಂದು ನಾನೂ ತೊಡೆಯ ಮೇಲೆ ತಾಳ ಹಾಕತೊಡಗಿದೆ.

ಅವನು ಕಣ್ಣು ಬಿಟ್ಟು ಬಹಳ ಮರ್ಯಾದೆಯಿಂದ ಕೇಳಿದ: "ಸರ್, ಹಾಡು ಯಾವಾಗ ಶುರುವಾಗುತ್ತೆ?"

ಗಣಪತಿಯ ನಿರ್ಧಾರ

ಟ್ರಕ್ಕು ಮನೆಗೆ ಬಂತು. ಬೇಸ್ ಅಂದರೆ ಬೇಸು. ಕಿವಿಗಿಂತ ಮೊದಲು ಬೆನ್ನಿಗೆ ಕೇಳಿಸುತ್ತಿತ್ತು. ಆದರೆ ಅದರ ಜೊತೆ ಇನ್ನೊಂದು ಕಚೇರಿಯೂ ಶುರುವಾಯಿತು. ನಂಬರ್ ಪ್ಲೇಟು ಗಡಗಡ, ಬಾಗಿಲ ಸಂದಿಯ ಸ್ಟೀಲ್ ಲೋಟ ಕಿಣಿಕಿಣಿ, ಕನ್ನಡಕದ ಪೆಟ್ಟಿಗೆ ಟಕಟಕ. ನಾನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಫ್ರೀವೇಯಲ್ಲಿ ಒಂದೊಂದನ್ನೇ ಹುಡುಕಿ ಬೈಯುತ್ತಿದ್ದೆ. "ಆ ಲೋಟ ಹಿಡ್ಕೋ. ಈ ಪೆಟ್ಟಿಗೆ ಹಿಡ್ಕೋ. ಮೇಲೆ ಏನೋ ಅಲ್ಲಾಡ್ತಿದೆ, ಅದನ್ನೂ ಹಿಡ್ಕೋ."

"ನನಗಿರೋದು ಎರಡೇ ಕೈ ರೀ."

ಡ್ಯಾಶ್‌ಬೋರ್ಡಿನ ಮೇಲೆ ಹಿತ್ತಾಳೆಯ ಪುಟ್ಟ ಗಣಪತಿ, ನಮ್ಮ ಕಡೆ ಮುಖ. ಬೇಸ್ ಬಡಿದಾಗಲೆಲ್ಲ ಕೂದಲೆಳೆಯಷ್ಟು ತಿರುಗುತ್ತಿದ್ದ. ಹತ್ತು ಮೈಲಿ ದಾಟುವಷ್ಟರಲ್ಲಿ ನಮಗೆ ಪೂರ್ತಿ ಬೆನ್ನು ಹಾಕಿ ರಸ್ತೆ ನೋಡುತ್ತಾ ಕೂತಿದ್ದ.

"ನೋಡಿದೆಯಾ, ನಮಗೆ ದಾರಿ ತೋರಿಸ್ತಿದಾನೆ," ಎಂದೆ.

"ಇಲ್ಲ. ಇಳಿಯೋಕೆ ಜಾಗ ಹುಡುಕ್ತಿದಾನೆ," ಎಂದಳು.

ಯಾವ ಎಂಜಿನಿಯರ್

ಇದನ್ನು ಬರೆಯುವಾಗ ನನ್ನ ಮೇಲೆಯೇ ಸಿಟ್ಟು. ಅಂಗಡಿಯವನ ತಂತಿಗಳ ಜೋಡಣೆ ನೀಟಾಗಿಲ್ಲ ಅನ್ನಿಸಿತು. ಮೂವತ್ತು ವರ್ಷದ ಅನುಭವ ಸುಮ್ಮನೆ ಬಿಡುತ್ತದೆಯೇ? ಒಂದು ಭಾನುವಾರ ಸೀಟು ಎತ್ತಿ ಎಲ್ಲವನ್ನೂ ಬಿಚ್ಚಿ, ಬಣ್ಣದ ಟೇಪು ಸುತ್ತಿ, ಅಂದವಾಗಿ ಮತ್ತೆ ಜೋಡಿಸಿದೆ. ಹಾಕಿದರೆ ಬೇಸ್ ಮಾಯ. ಮೊದಲಿಗಿಂತಲೂ ಕಡಿಮೆ.

ಕೆಂಡವಾಗಿ ಅಂಗಡಿಗೆ ಹೋದೆ. "ಇದೇನಾ ನೀವು ಮಾಡುವ ಕೆಲಸ? ಒಂದು ತಿಂಗಳು ಬಾಳಲಿಲ್ಲ." ಯಜಮಾನ ಸೀಟು ಎತ್ತಿದ. ಸಬ್‌ವೂಫರಿನ ಪ್ಲಸ್ ಮೈನಸ್ ಅದಲು ಬದಲಾಗಿತ್ತು. ಅದು ಗಾಳಿಯನ್ನು ಹೊರಗೆ ತಳ್ಳುವಾಗ ಬಾಗಿಲಿನ ಸ್ಪೀಕರು ಒಳಗೆ ಎಳೆಯುತ್ತಿತ್ತು, ಒಂದನ್ನೊಂದು ತಿಂದುಹಾಕುತ್ತಿದ್ದವು. ಎರಡು ತಂತಿ ಬದಲಿಸಿದ. ಗುಮ್ ಎಂದಿತು.

ಬಣ್ಣದ ಟೇಪನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಕೇಳಿದ: "ಇದು ಯಾವ ಎಂಜಿನಿಯರ್ ಮಾಡಿದ್ದು?"

"ನನ್ನ ಭಾವಮೈದ," ಎಂದೆ. "ಡಾಕ್ಟರು. ಏನು ಗೊತ್ತಾಗುತ್ತೆ ಅವನಿಗೆ."

ವುಡ್‌ಲ್ಯಾಂಡ್ ಹಿಲ್ಸಿನಲ್ಲಿ

ಶಾಂತಿ ಮುಗಿದು ಊಟವಾಯಿತು. ನಲವತ್ತು ಜನ ಎಲೆ ಅಡಿಕೆ ಹಿಡಿದು ಡ್ರೈವ್‌ವೇಗೆ ಬಂದರು. ಟ್ರಕ್ಕಿನ ನಾಲ್ಕೂ ಬಾಗಿಲು ತೆಗೆದಿಟ್ಟೆ. ಭಾವಮೈದ ರೇಷ್ಮೆ ಪಂಚೆಯಲ್ಲಿ ಹಿಂದಿನ ಸೀಟಿನಲ್ಲಿ, ಸಬ್‌ವೂಫರಿನ ಮೇಲೆಯೇ ಕೂತ. ಮೊದಲು ಆ ವಿದ್ವಾಂಸರ ತನಿ ಹಾಕಿದೆ. ಎಡಗೈ ಬಿದ್ದ ಕೂಡಲೇ ಅವನ ಪಂಚೆಯ ಅಂಚು ನಡುಗಿತು. ಜನ ತಲೆದೂಗಿದರು.

"ಈಗ ನಂದು," ಎಂದು ಕ್ಯಾಸೆಟ್ಟಿನದು ಹಾಕಿದೆ.

ಬಲಗೈ ಸ್ಫಟಿಕದಂತೆ ಬಂತು. ಎಡಗೈ? ಟಪ್. ಟಪ್. ಬೇಸ್ ಪೂರ್ತಿ ಏರಿಸಿದೆ. ಟಪ್ ಇನ್ನೂ ದೊಡ್ಡದಾಯಿತು, ಅಷ್ಟೆ. ಲಕ್ಷಣವಾಗಿ, ಸ್ಪಷ್ಟವಾಗಿ, ಬೆನ್ನಿಗೆ ಬಡಿಯುವ ಹಾಗೆ ತಗಡು. ಭಾವಮೈದ ನಗದೆ ಗಂಭೀರವಾಗಿ ಕೂತಿದ್ದ; ಅದೇ ಹೆಚ್ಚು ಉರಿಸಿತು.

ನಾನು ಕೂಗಾಡಿದೆ. ಕ್ಯಾಸೆಟ್ಟಿಗೆ ಬೈದೆ, ಮೈಕಿನವನಿಗೆ ಬೈದೆ, ಮಗಳ ಫೋನಿಗೆ ಬೈದೆ. "ಅವತ್ತು ನನ್ನ ಎಡಗೈ ಗುಡುಗಿತ್ತು. ನಾಳೆಯೇ ಈ ಸಬ್‌ವೂಫರ್ ಕಿತ್ತು ಇದರಪ್ಪನಂಥದ್ದು ಹಾಕಿಸ್ತೀನಿ."

"ಬೇಡ ರೀ," ಎಂದಳು ಹೆಂಡತಿ. ಎಲ್ಲರೂ ತಿರುಗಿದರು. "ಎಷ್ಟು ದೊಡ್ಡದು ಹಾಕಿದರೂ ಬರಲ್ಲ. ಅವತ್ತು ನೀವು ಎಡಗಡೆಗೆ ಮೆತ್ತಿದ್ದು ರವೆ ಅಲ್ಲ."

ಗೊತ್ತಿಲ್ಲದವರಿಗೆ ಹೇಳಬೇಕು: ಮೃದಂಗದ ಎಡಗಡೆಗೆ ಪ್ರತಿ ಸಲವೂ ನುಡಿಸುವ ಮೊದಲು ರವೆ ಕಲಸಿ ಮೆತ್ತಬೇಕು. ಗುಮ್ಮೆನ್ನುವುದು ಅದರಿಂದಲೇ. ಅದಿಲ್ಲದಿದ್ದರೆ ಬರೀ ಚರ್ಮ.

"ಮೃದಂಗದ ಪಕ್ಕದ ಡಬ್ಬಿಯಲ್ಲಿ ರವೆ ಇತ್ತು. ನಾನು ಹೊಸಬಳು, ನನಗೇನು ಗೊತ್ತು? ಅಡುಗೆಮನೆಯಲ್ಲಿ ಸಾಲದೆ ಬಂತು ಅಂತ ತೊಗೊಂಡು ಉಪ್ಪಿಟ್ಟು ಮಾಡಿದೆ. ಆಮೇಲೆ ಅತ್ತೆ ಹೇಳಿದರು, ಅದು ಅವನ ಮೃದಂಗದ್ದು ಅಂತ. ಹೆದರಿ ಡಬ್ಬಿಗೆ ಅಕ್ಕಿಹಿಟ್ಟು ತುಂಬಿಟ್ಟೆ."

ದೇವಸ್ಥಾನದ ಹಿಂದಿನ ಮಬ್ಬು ಬೆಳಕಿನಲ್ಲಿ ಅವಸರವಾಗಿ ನೀರು ಹಾಕಿ ಮೆತ್ತಿದ್ದು ನೆನಪಾಯಿತು. ಅರ್ಧ ಕಚೇರಿಯಲ್ಲಿ ಪಂಚೆಯ ಮೇಲೆಲ್ಲ ಬಿಳಿ ಪುಡಿ ಉದುರಿದ್ದೂ.

ಭಾವಮೈದ ಕೆಳಗಿಳಿದು, ಮಾತು ಕೊಟ್ಟಂತೆ ಅಡ್ಡ ಬಿದ್ದ. ನನಗಲ್ಲ, ಅಕ್ಕನಿಗೆ.

"ನಲವತ್ತು ವರ್ಷದ ಮೇಲೆ ಯಾವ ಕಚೇರಿ, ಯಾವ ರವೆ ಅಂತ ನಿನಗೆ ಹೇಗೆ ನೆನಪಿರುತ್ತೆ?" ಎಂದು ರೇಗಿದೆ. "ಅದು ಬೇರೆ ಯಾವುದೋ ದಿನ ಇರಬೇಕು."

"ಬೇರೆ ದಿನ ಹೇಗಾಗುತ್ತೆ ರೀ? ಕಚೇರಿಗೆ ಹೊರಡೋ ಮೊದಲು ನೀವು ಎರಡು ಸಲ ಹಾಕಿಸಿಕೊಂಡು, ಉಪ್ಪಿಟ್ಟು ಚೆನ್ನಾಗಿದೆ ಅಂದಿರಿ. ನನ್ನ ಅಡುಗೆ ಚೆನ್ನಾಗಿದೆ ಅಂತ ನಿಮ್ಮ ಬಾಯಲ್ಲಿ ಬಂದಿದ್ದು ಅದೊಂದೇ ದಿನ. ಮದುವೆಯಾದ ಐದನೇ ದಿನ, ಗುರುವಾರ."