ಲಿಸ್ಬನ್ನಿನ ಬಾಯಿಗೆ ಮಿರಜದ ತಾಳ

ಶ್ರಾವಣದಿಂದ ನಮ್ಮ ಮನೆಯಲ್ಲಿ ಸೂತಕದ ಕಳೆ. ಸತ್ತವರು ಯಾರೂ ಇಲ್ಲ. ಪೋರ್ತುಗೀಸ್ ಭಾಷೆ ಎಲ್ಲರನ್ನೂ ಅರೆಜೀವ ಮಾಡಿ ಬಿಟ್ಟಿತ್ತು. ಕುಪವಾಡದ ಕಂಪನಿಯೊಂದು ಲಿಸ್ಬನ್ನಿಗೆ ಅರಿಶಿನ ಕಳಿಸುತ್ತದೆ. ಮಗಳು ಅನುಜಾ ಆ ಭಾಷೆಯ ಮೌಖಿಕ ಪರೀಕ್ಷೆ ಪಾಸಾದರೆ ಆ ಕಂಪನಿಯಲ್ಲಿ ನೌಕರಿ. ಒಮ್ಮೆ ನಪಾಸಾಗಿದ್ದಳು. ಈ ಸಲವೂ ಹೋದರೆ ನೌಕರಿ ಇನ್ನೊಬ್ಬರಿಗೆ.

ಆ ಭಾಷೆಯ ಕ್ರಿಯಾಪದಗಳೋ, ಗೂಡ್ಸ್ ಗಾಡಿಗಳು! ಎಂಜಿನ್ನು ಸಾಂಗಲಿ ಮುಟ್ಟಿದರೂ ಕೊನೆಯ ಡಬ್ಬಿ ಮಿರಜದಲ್ಲೇ. (ಕ್ರಿಯಾಪದವನ್ನು ನಡುವೆ ಸೀಳಿ ‘ಅವನನ್ನು’ ಎಂಬ ಬಡಪಾಯಿಯನ್ನು ತುರುಕುತ್ತಾರೆ. ಸಂಸಾರಸ್ಥರಿಗೆ ಅವನ ಸಂಕಟ ತಿಳಿದೀತು.) ಎಲ್ಲಿ ಬಿಡಿಸಬೇಕು, ಯಾವ ಅಕ್ಷರ ಒತ್ತಬೇಕು ಎಂಬಲ್ಲೇ ಅನುಜಾ ಮುಗ್ಗರಿಸುತ್ತಿದ್ದಳು.

ಮಿರಜದ ಸಿತಾರ್ ಮಾಡುವ ಗಲ್ಲಿಯಲ್ಲಿ ಬೆಳೆದ ನಾನು ಸುಮ್ಮನಿರಲುಂಟೆ?

“ಇದು ತಾಳದ ಕೆಲಸ ಬೇಬಿ,” ಎಂದೆ ಮಗಳಿಗೆ. “ ಒತ್ತು ಅಂದ್ರ ಸಮ, ತಾಳದ ಮೊದಲ ಪೆಟ್ಟು. ನಾ ತೊಡಿ ಮ್ಯಾಲೆ ತಾಳ ಹಾಕ್ತೇನಿ, ನೀ ಬರೋಬ್ಬರಿ ಸಮಕ್ಕ ಬಂದು ಬೀಳು.”

“ಅಲ್ರೀ,” ಎಂದಳು ನನ್ನಾಕೆ ಸುನಂದಾಬಾಯಿ, “ನಿಮ್ಮ ತಾಳಕ್ಕ ನಮ್ಮನಿ ಕುಕ್ಕರ್ ಸುದ್ದಾ ಸೀಟಿ ಹೊಡಿಯಂಗಿಲ್ಲ.”

ಆದರೆ ಅನುಜಾಳಿಗೆ ತಾಳ ಹತ್ತಿತು!

ಪರೀಕ್ಷೆ ಲ್ಯಾಪ್‌ಟಾಪಿನಲ್ಲಿ. ಕೋಣೆಯಲ್ಲಿ ಬೇರೆ ಯಾರೂ ಇರಬಾರದೆಂದು ನಿಯಮ. ನಾನು ಕ್ಯಾಮೆರಾಕ್ಕೆ ಕಾಣದಂತೆ ಕಪಾಟಿನ ಬದಿಗೆ ಕುಳಿತು ತೊಡೆ ತಟ್ಟುತ್ತಿದ್ದೆ. ಅನುಜಾ ಒಂದು ರಾಕ್ಷಸ ಪದವನ್ನು ಹೂವಿನಂತೆ ಬಿಡಿಸಿ, ಒತ್ತಿನ ಅಕ್ಷರಕ್ಕೆ ಸರಿಯಾಗಿ ಬಂದಿಳಿದಳು. ಸಮ ಹಾಗೆ ಬಿದ್ದಾಗ ಬಾಯಿ ಮುಚ್ಚಿಕೊಂಡು ಕೂರುವುದು ಮಿರಜದವರಿಗೆ ಬ್ರಹ್ಮಹತ್ಯೆಗೆ ಸಮಾನ.

“ವಾಹ್! ಕ್ಯಾ ಬಾತ್ ಹೈ!”

ಪರೀಕ್ಷೆ ನಡೆಸುತ್ತಿದ್ದ ಲಿಸ್ಬನ್ನಿನ ಮೇಡಮ್ಮು ತೆರೆಯ ಮೇಲೆ ಬೆಚ್ಚಿ ಏನೋ ಕೇಳಿದಳು. ಅನುಜಾಳ ಮುಖ ಸುಣ್ಣವಾಯಿತು, ಆಮೇಲೆ ಕುಂಕುಮವಾಯಿತು. ನನ್ನತ್ತ ಬೆರಳು ತೋರಿಸಿ ಪೋರ್ತುಗೀಸಿನಲ್ಲಿ ಸಿಡಿದಳು, ಕೊನೆಗೆ ಒಂದು ಉದ್ದನೆಯ ಪದ: “ಮಂ-ದಾ-ಲು-ಈ-ಅ-ಮುಶ್!” ಒತ್ತು ‘ಈ’ ಮೇಲೆ ತೆಂಗಿನಕಾಯಿ ಒಡೆದಂತೆ ಬಿತ್ತು.

“ವಾಹ್!” ಎಂದೆ ನಾನು. ತಡೆಯಲಾಗಲಿಲ್ಲ.

ಮೇಡಮ್ಮು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. ನನ್ನನ್ನು ಹೊರಗೆ ಹಾಕಿಸಿ ಪರೀಕ್ಷೆಯನ್ನು ಮೊದಲಿನಿಂದ ನಡೆಸಿದಳು. ತಾಳವಿಲ್ಲದೆಯೇ ಅನುಜಾ ಪಾಸು!

ಪೇಢೆ ಹಂಚುವಾಗ, ಗುರುವಿನ ಗತ್ತಿನಲ್ಲಿ ಕೇಳಿದೆ: “ಆ ಕಡೀಕ ಏನಂದಿ?”

“ಇವರು ನಮ್ಮ ಪಪ್ಪಾ. ಕರಕೊಂಡು ಹೋಗವ್ರು ಯಾರರೆ ಸಿಕ್ಕಿದ್ರ ಇವರನ್ನ ಯಾವಾಗೋ ಕಳಿಸಿಬಿಡ್ತಿದ್ವಿ ಅಂದೆ. ಕಳಿಸಿಬಿಡ್ತಿದ್ವಿ ಅನ್ನೂದು ಆ ಉದ್ದನ್ನ ಪದ.”

ಸುನಂದಾಬಾಯಿ ಕೈಯಲ್ಲಿದ್ದ ಪೇಢೆ ಕೆಳಗಿಟ್ಟಳು. “ಇನ್ನೊಮ್ಮೆ ಹೇಳ ಬೇಬಿ, ಸಾವಕಾಶ.”

ಈಗ ದಿನಾ ಮುಂಜಾನೆ ನನ್ನ ಕೈಗೆ ಸಂತೆಚೀಲ ಕೊಡುವಾಗ ಆಕೆ ಆ ಪದವನ್ನೇ ಹೇಳುತ್ತಾಳೆ. ಒತ್ತು ಒಂದು ದಿನವೂ ತಪ್ಪಿಲ್ಲ.