ಪತ್ರಿಕೆ ಮೊದಲು, ಮಂಟಪ ಆಮೇಲೆ

ಅಣ್ಣಾರಾಯ ಮಾಸ್ತರರು ಮಗಳ ಲಗ್ನಪತ್ರಿಕೆಯನ್ನು ಮೊದಲು ಅಚ್ಚು ಹಾಕಿಸಿ, ಮಂಗಲ ಕಾರ್ಯಾಲಯವನ್ನು ಆಮೇಲೆ ಹಿಡಿಯಲು ಹೊರಟದ್ದೇ ಎಲ್ಲ ತಾಪತ್ರಯಕ್ಕೂ ಮೂಲ.

ಅವರು ಅಫಜಲಪುರದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುವವರು. ಇರುವವಳೊಬ್ಬಳೇ ಮಗಳು, ಸಂಘಮಿತ್ರಾ. ಅವಳ ಪತ್ರಿಕೆ ಅಂಗಡಿಯ ಸಿದ್ಧ ನಮೂನೆಯದಾದರೆ ತಮ್ಮ ಕುಂಚಕ್ಕೇ ಅವಮಾನವೆಂದು, ಅರಳಿ ಎಲೆಯ ಆಕಾರದ ಪತ್ರಿಕೆಯನ್ನು ತಾವೇ ಬರೆದು ಏಜಾಜನ ಪ್ರೆಸ್ಸಿನಲ್ಲಿ ಠಿಕಾಣಿ ಹೂಡಿದರು. ಇದು ಪೆನ್ನಿನ ನೀಲಿ, ನನಗೆ ಆಕಾಶದ ನೀಲಿ ಬೇಕು ಎಂದರು. ಎಲೆಯ ತುದಿ ಮೊಂಡಾಗಿದೆ, ಇದು ಅರಳಿಯಲ್ಲ, ಪಾಲಕ ಪಲ್ಲೆ ಎಂದರು.

"ಸರ್, ನನ್ನ ಸ್ವಂತ ಶಾದಿಗೂ ನಾ ಇಷ್ಟು ತ್ರಾಸ ತಗೊಂಡಿಲ್ರಿ" ಎಂದು ಏಜಾಜ ಕೈ ಮುಗಿದ. "ಹಾಲ್ ಹೆಸರರೆ ಹೇಳ್ರಿ, ಒತ್ತಿ ಬಿಡ್ತೇನಿ."

"ಮಂದಾರ ಮಂಗಲ ಕಾರ್ಯಾಲಯ ಅಂತ ಹಾಕು. ಎಲಿ ದಂಟಿನ ಮ್ಯಾಲ ಅಕ್ಷರ ಭಾಳ ಛಂದ ಕೂಡ್ತಾವ."

ಅಕ್ಷರಗಳೇನೋ ಚಂದವಾಗಿಯೇ ಕೂತವು. ಮಾಸ್ತರರು ಹಿಗ್ಗಿ, ಅಲ್ಲಿಂದಲೇ ಬೀಗರಿಗೆ ಅದರ ಫೋಟೋ ಕಳಿಸಿದರು. ಲಗ್ನದ ದಿನ ಮಂದಾರ ಖಾಲಿ ಇದೆಯೇ ಎಂದು ಒಂದು ಮಾತು ಕೇಳಬೇಕೆಂಬುದು ಮಾತ್ರ ಮಾಸ್ತರರಿಗೆ ಹೊಳೆಯಲಿಲ್ಲ. ಅವರ ಮನೆಯಲ್ಲಿ ಮುಹೂರ್ತ ನೋಡುವ ರೂಢಿ ಇಲ್ಲ. ಬುದ್ಧವಂದನೆ ಯಾವ ಗಳಿಗೆಗಾದರೂ ಸೈ. ಎಲ್ಲರೂ ಮುಹೂರ್ತದ ದಿನಕ್ಕೆ ಬಡಿದಾಡಲಿ, ನಮಗೇನು ಎಂಬ ನಿಶ್ಚಿಂತೆ. ಆದರೆ ಮುಹೂರ್ತ ನಂಬುವವರೂ ನಂಬದವರೂ ಒಟ್ಟಿಗೇ ಬಂದು ಬೀಳುವ ಒಂದು ಮಹಾಮುಹೂರ್ತವಿದೆ. ಅದರ ಹೆಸರು ರವಿವಾರ.

ಪತ್ರಿಕೆಗಳ ಕಟ್ಟು ಮನೆಗೆ ಬಂದ ಬೆಳಿಗ್ಗೆ ಹೆಂಡತಿ ರುಕ್ಮಿಣಿಬಾಯಿ ಒಂದನ್ನು ಬುದ್ಧನ ಮೂರ್ತಿಯ ಮುಂದಿಟ್ಟು, ಉಳಿದವನ್ನು ಚೀಲಕ್ಕೆ ತುಂಬಿಕೊಂಡು, ಬೀಗರ ಊರಾದ ಆಳಂದದ ಬಸ್ಸು ಹತ್ತಿದಳು. ಮಾಸ್ತರರು ಶಿಳ್ಳೆ ಹಾಕುತ್ತ ಮಂದಾರಕ್ಕೆ ನಡೆದರು.

"ಆ ರವಿವಾರನ್ರಿ?" ಮ್ಯಾನೇಜರ್ ರೇವಣಪ್ಪ ಹಲ್ಲುಕಡ್ಡಿ ತೆಗೆದು ಹೇಳಿದ. "ನಿನ್ನೆ ಸಂಜೀಕೇ ಬುಕ್ ಆತಲ್ರಿ."

ಮಾಸ್ತರರ ಮುಖ ಮಳೆಗೆ ಸಿಕ್ಕ ಜಲವರ್ಣ ಚಿತ್ರದಂತೆ ಇಳಿದುಹೋಯಿತು. "ಪತ್ರಿಕಾದಾಗ ಹೆಸರು ಹಾಕಿಸೇನಲ್ಲೋ ಮಾರಾಯ!"

"ನನ್ನ ಕೇಳಿ ಹಾಕಿಸೀರೇನ್ರಿ? ನಾಳೆ ವಿಧಾನಸೌಧ ಅಂತ ಹಾಕಿಸ್ತೀರಿ, ಅವರೂ ಕೀಲಿ ಕೊಡಬೇಕೇನು?"

ಅಷ್ಟರಲ್ಲಿ ಅಲ್ಲಿಗೆ ಕಲ್ಲಿನಾಥ ಬಂದ. ಈತ ಮಾಸ್ತರರ ಪಕ್ಕದ ಮನೆಯವನು, ಅದೇ ಶಾಲೆಯ ಪಿ.ಟಿ. ಮಾಸ್ತರ. ಇನ್ನೊಬ್ಬರ ಸಂಕಟ ಕಂಡರೆ ಸಾಕು, ಆತ ಸೀಟಿ ಊದಿದಂತೆ ಮೈದಾನಕ್ಕಿಳಿಯುತ್ತಿದ್ದ. ರೇವಣಪ್ಪನಿಗೆ ಎರಡು ಪ್ಲೇಟು ಮಿರ್ಚಿಭಜಿ ತಿನ್ನಿಸಿ ಗುಟ್ಟು ಹೊರಡಿಸಿದ್ದೂ ಅವನೇ. ಹಾಲ್ ಹಿಡಿದವರು ಮಣ್ಣೂರಿನ ಜಗದೇವ ಎಂಬ ಕಬ್ಬಿನ ರೈತರು. ಅವರಾಗಿ ಬಿಟ್ಟರೆ ಮಾತ್ರ ಮಾಸ್ತರರಿಗೆ ಸಿಗುತ್ತದೆ.

"ಬಿಡಸೂದು ನನಗ ಬಿಡ್ರಿ" ಎಂದ ಕಲ್ಲಿನಾಥ, ರಸ್ತೆಗೆ ಬಂದು ಜಗದೇವರಿಗೆ ಫೋನು ಹಚ್ಚಿದ. "ಹಲೋ, ನಾ ನಿಮ್ಮ ಹಿತೈಷಿ ಮಾತಾಡಾಕತ್ತೇನಿ. ಮಂದಾರದಾಗ ಹೆಜ್ಜೇನು ಕಟ್ಯಾವ್ರಿ. ಮದುವಿ ಮಂದೀನ ಅಟ್ಟಿಸಿಕೊಂಡು ಕಡೀತಾವ."

ಆ ಕಡೆಯಿಂದ ಸಂತೋಷದ ದನಿ ಬಂತು. "ಛಲೋ ಆತು ಬಿಡ್ರಿ! ನಮ್ಮವರಿಗೆ ಜೇನು ಬಿಡಸಾಕ ಬರ್ತದ. ಮಂದಿಗೆಲ್ಲ ಬಾಯಿ ಸಿಹಿ ಆಕ್ಕೈತಿ."

ಕಲ್ಲಿನಾಥ ಫೋನು ಕಿಸೆಗಿಟ್ಟು ಮೋಟರ್ ಸೈಕಲ್ ಚಾಲೂ ಮಾಡಿದ. "ನಡೀರಿ ಮಣ್ಣೂರಿಗೆ."

ದಾರಿಯುದ್ದಕ್ಕೂ ಮಾಸ್ತರರು ಹಿಂದೆ ಕೂತು, "ಖರೇ ಹೇಳಿ ಕೈ ಮುಗೀತೇನಿ, ದೊಡ್ಡ ಮನುಷ್ಯಾ ಇದ್ರ ಬಿಟ್ಟ ಕೊಡ್ತಾನ" ಎನ್ನುತ್ತಿದ್ದರು. ಗಾಳಿಗೆ ಆ ಮಾತು ಕಲ್ಲಿನಾಥನ ಕಿವಿಗೆ ಬೀಳಲಿಲ್ಲವೋ, ಬಿದ್ದರೂ ಬೇಡವಾಯಿತೋ. ಭೀಮಾ ದಂಡೆಯ ಆ ಮನೆಯ ಪಡಸಾಲೆಗೆ ಕಾಲಿಟ್ಟವನೇ ಮಾಸ್ತರರನ್ನು ಮುಂದಕ್ಕೆ ದೂಡಿ, "ಇವರು ದೊಡ್ಡ ಎಂಜಿನಿಯರ್ ಸಾಹೇಬ್ರು. ಮಂದಾರದ ಕಂಬ ಪಾಸ್ ಇಲ್ಲ ಅಂದಾರ. ನಿಮ್ಮ ಮದುವಿ ಅಲ್ಲೇ ಅದ ಅಂತ ಗೊತ್ತಾಗಿ ಜೀವ ತಡೀಲಾರದ ಬಂದಾರ" ಎಂದುಬಿಟ್ಟ.

ಜಗದೇವ ಆರಡಿ ಆಳು. ಎರಡು ಕುಡಗೋಲು ಬೆನ್ನಿಗೆ ಬೆನ್ನು ಹಚ್ಚಿಟ್ಟಂಥ ಮೀಸೆ. "ಇಷ್ಟ ದೂರ ನಮ್ಮ ಸಲುವಾಗಿ ಬಂದೀರಿ, ಮೊದಲ ಉಣ್ರಿ" ಎಂದು ತಾಟು ಹಾಕಿಸಿದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೊಡಲಿಯಿಂದ ಕಡಿಯಬೇಕಾದಂಥ ಗಟ್ಟಿ ಮೊಸರು. ಒಂದೊಂದು ರೊಟ್ಟಿ ಬಿದ್ದಂತೆಲ್ಲ ಮಾಸ್ತರರ ಎದೆಯ ಮೇಲೆ ಒಂದೊಂದು ಹಾಸುಗಲ್ಲು ಬಿದ್ದಂತಾಗುತ್ತಿತ್ತು. ಇನ್ನೊಂದು ತುತ್ತು ಮುಗಿಸಿ ನಿಜ ಹೇಳಿಬಿಡಬೇಕು ಎಂದುಕೊಂಡೇ ನಾಲ್ಕನೆಯ ರೊಟ್ಟಿಗೆ ಬಂದರು.

"ಕಂಬಕ್ಕ ನಿಖರ ಏನಾಗ್ಯಾದ್ರಿ ಸಾಹೇಬ್ರ?" ಎಂದು ಜಗದೇವ ಕೇಳಿದರು.

ಸಿಮೆಂಟಿನ ವಿಷಯ ಮಾಸ್ತರರಿಗೆ ಏನೂ ತಿಳಿಯದು. ಕೈ ತಾನಾಗಿ ಕಿಸೆಯ ಪೆನ್ಸಿಲ್ಲಿಗೆ ಹೋಯಿತು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಒಂದು ಕಂಬ ಬರೆದರು. ಕಂಬಕ್ಕೆ ಕೂದಲೆಳೆಯಂಥ ಒಂದು ಬಿರುಕು. ಬಿರುಕು ಒಂಟಿಯಾಗಿ ಕಂಡಿತು, ಎರಡು ಕವಲು ಒಡೆಸಿದರು. ಮೇಲೆ ವಾಲಿದ ಛತ್ತು, ಅದಕ್ಕೆ ದಟ್ಟ ನೆರಳು. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಚಿತ್ರದ ಕೆಳಗಿನ ಮೂಲೆ ಖಾಲಿ ಬಿಟ್ಟರೆ ಕಲಾವಿದನ ಜೀವ ಒಪ್ಪೀತೇ? ಕಂಬದ ಬುಡದಲ್ಲಿ ಬುಂದಿಲಾಡು ತಿನ್ನುತ್ತ ಕೂತ ಒಬ್ಬ ಮುದುಕಿಯನ್ನು ಬರೆದರು. ಹಲ್ಲಿಲ್ಲದ ಬಾಯಿ, ಮುಖದ ತುಂಬ ನಗು.

"ಸಾಕ್ರಿ, ನಿಲ್ಲಸ್ರಿ!" ಜಗದೇವರ ಕಣ್ಣು ತುಂಬಿ ಬಂದಿತ್ತು. "ಥೇಟ್ ನಮ್ಮ ಆಯಿ!"

ಆ ಕ್ಷಣವೇ ರೇವಣಪ್ಪನಿಗೆ ಫೋನು ಹೋಯಿತು. "ನಿನ್ನ ಹಾಲ್ ಬ್ಯಾಡ. ಯಾಕ ಅಂತ ಕೇಳಬ್ಯಾಡ. ಬ್ಯಾಡ ಅಂದ್ರ ಬಿಲ್ಕುಲ್ ಬ್ಯಾಡ!" ಆಮೇಲೆ ಅವರು ಮಾಸ್ತರರನ್ನು ಅಪ್ಪಿಕೊಂಡು, ಮೋಟರ್ ಸೈಕಲ್ಲಿಗೆ ಕಬ್ಬಿನ ಕಟ್ಟು ಬಿಗಿಸಿ ಕಳಿಸಿಕೊಟ್ಟರು.

ಇಳಿಹೊತ್ತಿಗೆ ಮಂದಾರ ಮಾಸ್ತರರದಾಯಿತು. ರೇವಣಪ್ಪ, "ನಿಮ್ಮ ನಸೀಬು ಭಾರಿ ಅದ ಬಿಡ್ರಿ" ಎಂದು ಪಾವತಿ ಹರಿದು ಕೊಟ್ಟ. ಮನೆಯ ಅಂಗಳದಲ್ಲಿ ಕಲ್ಲಿನಾಥ ಕಬ್ಬು ಸಿಗಿಯುತ್ತ ತನ್ನ ಪರಾಕ್ರಮವನ್ನು ಮೂರನೆಯ ಸಲ ಹೇಳುತ್ತಿರುವಾಗ ಆಳಂದದಿಂದ ರುಕ್ಮಿಣಿಬಾಯಿ ಬಂದಳು.

"ಬೀಗರು ಎಷ್ಟ ದೊಡ್ಡ ಮನಸಿನವರ್ರಿ!" ಎಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು. "ನೀವು ಪತ್ರಿಕಾ ಫೋಟೋ ಫೋನಿನ್ಯಾಗ ಕಳಿಸಿದ್ರಲ್ಲ, ಅದನ್ನ ನೋಡಿ ಹುಡುಗನ ಸೋದರಮಾವ ಮಂದಾರ ತಾನೇ ಹಿಡದಿದ್ನಂತ. ಹೆಣ್ಣಿನವರಿಗ್ಯಾಕ ಭಾರ ಅಂತ. ನಮಗ ಹೇಳದಂಗ ಖುಷಿ ಮಾಡಬೇಕಂತಿದ್ನಂತ."

ಮಾಸ್ತರರ ಬಾಯೊಳಗಿನ ಕಬ್ಬು ಕಡ್ಡಿಯಾಯಿತು. "ಸೋದರಮಾವ... ಯಾವ ಊರಾಂವ?"

"ಮಣ್ಣೂರಾಂವ. ಕಬ್ಬು ಕಡಿಯೂದಿತ್ತಂತ ನಿಶ್ಚಯಕ್ಕ ಬಂದಿದ್ದಿಲ್ಲ. ಆದ್ರ ನಮ್ಮ ಪುಣ್ಯೇವು ದೊಡ್ಡದು. ಇವತ್ತ ಯಾರೋ ಎಂಜಿನಿಯರು ಮನಿತನಾ ಹೋಗಿ, ಕಂಬ ಸೀಳ್ಯಾವ ಅಂತ ಚಿತ್ರಾ ತೆಗದು ಕೊಟ್ಟಾನಂತ. ಬೀಗರೆಲ್ಲರ ಫೋನಿಗೂ ಬಂದದ. ನೋಡಿದ್ರ ಎದಿ ಝಲ್ ಅಂತದ! ಈಗ ಅವರ ಕಡ್ಯಾವರು ಒಬ್ಬರೂ ಮಂದಾರದಾಗ ಕಾಲ ಇಡಂಗಿಲ್ಲಂತಾರ. ಮಾವ ಜೇವರ್ಗಿಯೊಳಗ ಬ್ಯಾರೆ ಹಾಲ್ ಪಕ್ಕಾ ಮಾಡಿಬಿಟ್ಟಾನ. ಪತ್ರಿಕಾ ಎಲ್ಲಾ ಹೊಸದಾಗಿ ಹಾಕಿಸಬೇಕಂತ."

ಆಳಂದಕ್ಕೂ ದೂರ, ಅಫಜಲಪುರಕ್ಕೂ ದೂರ, ಜೇವರ್ಗಿ! ತಾಯಿಯ ಫೋನು ಇಸಿದುಕೊಂಡು ಚಿತ್ರ ದಿಟ್ಟಿಸುತ್ತಿದ್ದ ಸಂಘಮಿತ್ರಾ, "ಅಪ್ಪಾ, ಈ ನೆರಳು ಹಾಕೂ ಪದ್ಧತಿ ನಿಮ್ದ ಇದ್ದಂಗ ಅದ ನೋಡ್ರಿ" ಎಂದಳು.

"ಅಂದಂಗ, ಆ ಮಾವ ಖುದ್ದ ಇಲ್ಲಿಗೇ ಹೊಂಟಾನಂತ" ಎಂದಳು ರುಕ್ಮಿಣಿಬಾಯಿ. "ಹಾಲ್ ಬದಲಾಗಿದ್ದಕ್ಕ ನಿಮ್ಮ ಮುಂದ ಕುಂತು ಸಮಜಾಯಿಸಿ ಹೇಳಬೇಕಂತ."

ಹೊರಗೆ ಜೀಪು ನಿಂತ ಸದ್ದಾಯಿತು. ಕಲ್ಲಿನಾಥ ಮೂವತ್ತು ವರ್ಷದ ವ್ಯಾಯಾಮ ಶಿಕ್ಷಣವನ್ನೆಲ್ಲ ಒಂದೇ ನೆಗೆತದಲ್ಲಿ ತೋರಿಸಿ ಕಂಪೌಂಡಿನ ಆಚೆಗೆ ಮಾಯವಾದ. ಮಾಸ್ತರರು ಮಾತ್ರ ಕಬ್ಬಿನ ತುಂಡು ಕೈಯಲ್ಲಿ ಹಿಡಿದು ನಿಂತಲ್ಲೇ ಉಳಿದರು. ಬಾಗಿಲಲ್ಲಿ ಮೊದಲು ಮೀಸೆ, ಆಮೇಲೆ ಜಗದೇವ ಕಾಣಿಸಿದರು.

"ಅರೆರೆ, ಎಂಜಿನಿಯರ್ ಸಾಹೇಬ್ರ!" ಅವರು ಎರಡೂ ಕೈ ಚಾಚಿ ಓಡಿಬಂದರು. "ಹೆಣ್ಣಿನವರಿಗೂ ತಿಳಿಸಿ ಹೋಗಬೇಕಂತ ಇಲ್ಲೀತನಾ ಬಂದೀರೇನು! ಎಂಥಾ ಮನುಷ್ಯಾರ್ರಿ ನೀವು!"

ಮಾಸ್ತರರನ್ನು ಎದೆಗವಚಿಕೊಂಡೇ ಅವರು ರುಕ್ಮಿಣಿಬಾಯಿಯ ಕಡೆ ತಿರುಗಿದರು.

"ಅಕ್ಕಾರ, ಬೀಗರು ಎಲ್ಲಿ ಅದಾರ? ಜಲ್ದಿ ಕರೀರಿ. ಜಲ್ಮದಾಗ ಒಂದೂ ಸುಳ್ಳು ಹೇಳದಂಥಾ ಮನುಷ್ಯಾನ್ನ ಅವರಿಗೆ ತೋರಸ್ತೇನಿ."